ದಿವಾಳಿ ಅರ್ಜಿ ಹಾಕಿದರೆ ಹೊಲಿಗೆ ಮಷಿನ್ ಹೋಗುತ್ತದಾ?

ಅಕ್ಕಾ, ಮೊದಲು ಧೈರ್ಯ ತಂದುಕೊಳ್ಳಿ. ಟೈಲರಿಂಗ್ ಮಾಡಿಕೊಂಡಿದ್ದೀರಿ, ಸಾಲ ತೀರುತ್ತಿಲ್ಲ, ದಿವಾಳಿ ಅರ್ಜಿ ಹಾಕಿದರೆ ಮಷಿನ್, ತಾಳಿ ಎಲ್ಲಾ ಕಿತ್ತುಕೊಳ್ಳುತ್ತಾರಾ ಅಂತ ಕೇಳಿದ್ದೀರಿ ಅಲ್ವಾ? ಹಾಗೆ ಎಲ್ಲವನ್ನೂ ಕಿತ್ತುಕೊಳ್ಳಲು ಆಗುವುದಿಲ್ಲ.

1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲಿ ನಿಮ್ಮ ಆಸ್ತಿ ಕೋರ್ಟ್ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸುವವರು) ಕೈಗೆ ಹೋಗುತ್ತದೆ, ನಿಜ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಜಪ್ತಿಯಿಂದ ಕಾಪಾಡುವ ವಸ್ತುಗಳು ನಿಮ್ಮಲ್ಲೇ ಉಳಿಯುತ್ತವೆ. ಮನೆಯವರ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ. ಹೆಂಗಸರು ಸಂಪ್ರದಾಯದಂತೆ ತೆಗೆಯಬಾರದ ಒಡವೆ, ಅಂದರೆ ತಾಳಿ. ಬಳೆ, ನೆಕ್ಲೇಸ್ ಇದರಲ್ಲಿ ಬರುತ್ತವೆ ಅಂದುಕೊಳ್ಳಬೇಡಿ. ಕೈಕೆಲಸದವರ ಸಲಕರಣೆಗೂ ರಕ್ಷಣೆ ಇದೆ. ನೀವೇ ಕೂತು ಹೊಲಿಯುವ ಮಷಿನ್‌ಗೆ ಈ ರಕ್ಷಣೆಯನ್ನೇ ಕೋರ್ಟ್‌ನಲ್ಲಿ ಕೇಳಬೇಕು. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಹಣ, ನಿಮ್ಮ ಜೀವವಿಮೆ ಹಣವನ್ನೂ ಮುಟ್ಟುವಂತಿಲ್ಲ. ರೈತರಾದರೆ ನೇಗಿಲು, ಎತ್ತು, ಬಿತ್ತನೆ ಬೀಜ, ತಾವೇ ವಾಸವಿರುವ ಮನೆಯೂ ಉಳಿಯುತ್ತದೆ.

ಒಂದು ಮಾತು ಮಾತ್ರ ಗಮನಿಸಿ. ಮಷಿನ್ ಅಥವಾ ಮನೆಯನ್ನೇ ಅಡ ಇಟ್ಟು ಸಾಲ ಪಡೆದಿದ್ದರೆ ಕಥೆ ಬೇರೆ. ದಿವಾಳಿ ಅರ್ಜಿ ಹಾಕಿದರೂ ಅಡ ಹಿಡಿದವರ ಹಕ್ಕು ಹೋಗುವುದಿಲ್ಲ. ಸಾಲದ ಪತ್ರ ಹುಡುಕಿ ತೆಗೆಯಿರಿ.

‘ಈ ರಕ್ಷಣೆ ನನಗೆ ಬೇಡ’ ಅಂತ ನಿಮ್ಮಿಂದ ಸಹಿ ಹಾಕಿಸಿಕೊಂಡಿದ್ದರೂ ಹೆದರಬೇಡಿ. ಅಂಥ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಅಲ್ಲಿ ವಕೀಲರು ಉಚಿತ. ಅರ್ಜಿಯಲ್ಲಿ ಯಾವುದನ್ನೂ ಮುಚ್ಚಿಡಬೇಡಿ.