ಮಲಗಿ ಎದ್ದು ಗಾಡಿ ಹತ್ತಿದರೂ ಕೇಸ್ ಬಿತ್ತು

ಇದು ಕುಡಿದು ಓಡಿಸಿದ ಕೇಸಿನಿಂದ ಕೆಲಸ ಕಳೆದುಕೊಂಡ ಒಬ್ಬ ಲಾರಿ ಡ್ರೈವರ್ ಕತೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ವಿಜಯಪುರದಲ್ಲಿ ನನ್ನ ಹತ್ತಿರ ಅವರು ಆಪ್ತಸಲಹೆಗೆ ಬಂದಿದ್ದು ಹೆಂಡತಿಯ ಒತ್ತಾಯಕ್ಕೆ. ಹದಿನಾಲ್ಕು ವರ್ಷ ಹತ್ತು ಚಕ್ರದ ಲಾರಿ ಓಡಿಸಿದವರು. ಸೊಲ್ಲಾಪುರ ರಸ್ತೆಯಲ್ಲಿ ಬೆಳಗಿನ ಜಾವ ಪೊಲೀಸರು ನಿಲ್ಲಿಸಿ ಊದಿಸಿದರು, ಮಷೀನು ಜಾಸ್ತಿ ತೋರಿಸಿತು. ಕೋರ್ಟಿನಲ್ಲಿ 10,000 ರೂಪಾಯಿ ದಂಡ, ಮೂರು ತಿಂಗಳು ಲೈಸನ್ಸ್ ಅಮಾನತು. ಮಾಲಕರು ಅವತ್ತೇ ಕೀಲಿ ಇಸಿದುಕೊಂಡರು. ಅಮಾನತು ಮುಗಿದು ಐದು ತಿಂಗಳಾದರೂ ಯಾರೂ ಗಾಡಿ ಕೊಟ್ಟಿರಲಿಲ್ಲ.

"ನಾ ಕುಡದು ಓಡಿಸಿಲ್ರೀ ಅಕ್ಕಾರ. ರಾತ್ರಿ ಢಾಬಾದಾಗ ಕುಡದೆ, ಮಲಗಿದೆ, ಎದ್ದು ಹೊಂಟೆ. ಸುಳ್ಳ ಕೇಸ್ ಹಾಕ್ಯಾರ."

ಕೆಲಸ ಕೇಳಲು ಹೋದ ಕಡೆಯೆಲ್ಲ ಇದನ್ನೇ ಹೇಳಿದ್ದರು. ಕೆಲವು ಕಡೆ ಕೇಸಿನ ಸುದ್ದಿಯನ್ನೇ ಎತ್ತಿರಲಿಲ್ಲ, ಆದರೆ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಇಂಥ ಸುದ್ದಿ ಡ್ರೈವರ್‌ಗಿಂತ ಮೊದಲೇ ಹೋಗಿ ಕೂತಿರುತ್ತದೆ, ಅಲ್ವಾ?

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು. ಅದಕ್ಕೇ ಮೊದಲ ದಿನ ಕಾಗದ ತಗೊಂಡು ಲೆಕ್ಕ ಹಾಕಿದೆವು. ಹನ್ನೊಂದಕ್ಕೆ ಶುರು ಮಾಡಿ ಹನ್ನೆರಡರೊಳಗೆ ಒಂದು ಕ್ವಾರ್ಟರ್, ಅಂದರೆ 180 ಎಂಎಲ್, ಆರು ಸಣ್ಣ ಪೆಗ್. ಒಂದೊಂದು ಪೆಗ್ ಕರಗಲು ದೇಹಕ್ಕೆ ಹೆಚ್ಚೂಕಡಿಮೆ ಒಂದು ತಾಸು ಬೇಕು. ನಾಲ್ಕಕ್ಕೆ ಎದ್ದು ಗಾಡಿ ಹತ್ತಿದರೆ ಇನ್ನೂ ರಕ್ತದಲ್ಲಿ ಇರುತ್ತದೆ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಅಷ್ಟೇ. ನಿದ್ದೆ, ತಣ್ಣೀರು, ಚಹಾ, ನಮ್ಮ ಇಂಡಿ ತಾಲ್ಲೂಕಿನ ನಿಂಬೆಹಣ್ಣು, ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಅವರು ಕಾಗದವನ್ನೇ ನೋಡುತ್ತಾ ಬಹಳ ಹೊತ್ತು ಕೂತರು. ಆಮೇಲೆ "ಹಂಗಾದ್ರ ಎಷ್ಟ ಸಲ ಓಡಿಸೇನ್ರೀ ಹಿಂಗ" ಅಂದರು. ನಾನು ಏನೂ ಹೇಳಲಿಲ್ಲ.

ಕುಡಿತದ ಬಗ್ಗೆ ಕೇಳಿದಾಗ ದಿನಾ ರಾತ್ರಿ ಒಂದು ಕ್ವಾರ್ಟರ್, ಬಿಟ್ಟ ದಿನ ಬೆಳಿಗ್ಗೆ ಕೈ ನಡುಗುತ್ತದೆ ಅಂದರು. ಇಲ್ಲಿ ನಾನು ಗಟ್ಟಿಯಾಗಿ ಹೇಳಿದೆ: ಹಟಕ್ಕೆ ಬಿದ್ದು ಒಮ್ಮೆಲೇ ಬಿಡಬೇಡಿ, ಫಿಟ್ಸ್ ಬರಬಹುದು, ಮೊದಲು ಮನೋವೈದ್ಯರನ್ನು ಕಾಣಿ. ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ರಾತ್ರಿ ತಳಮಳ ಆದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಹೆಂಡತಿಯ ಫೋನಿನಲ್ಲೂ ಹಾಕಿಸಿದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಒಬ್ಬ ಏಜೆಂಟ್ ಬೇರೆ ರಾಜ್ಯದಿಂದ ಹೊಸ ಲೈಸನ್ಸ್ ಮಾಡಿಸಿಕೊಡುತ್ತೇನೆ ಅಂದಿದ್ದನಂತೆ. ಬೇಡವೇ ಬೇಡ ಅಂದೆ. ಎರಡನೇ ಸಲ ಕುಡಿದು ಸಿಕ್ಕರೆ 2 ವರ್ಷದವರೆಗೆ ಜೈಲು, 15,000 ದಂಡ, ಲೈಸನ್ಸೇ ರದ್ದಾಗಬಹುದು. ಅದರ ಜೊತೆ ಕಳ್ಳ ಲೈಸನ್ಸಿನ ಕೇಸ್ ಬೇರೆ ಬೇಕಾ?

ಮಾಲಕರ ಭಯವೂ ಅವರಿಗೆ ತಿಳಿಯಬೇಕಿತ್ತು. 2019ರ ತಿದ್ದುಪಡಿ ಆದ ಮೇಲೆ, ಡ್ರೈವರ್ ಕುಡಿದಿದ್ದ ಅಂತ ಸಾಬೀತಾದರೆ ವಿಮೆ ಕಂಪನಿ ಜಾರಿಕೊಳ್ಳಬಹುದು, ಆಗ ಅಪಘಾತದ ಪರಿಹಾರ ಮಾಲಕರ ತಲೆಗೇ ಬರುತ್ತದೆ. ಒಂದೇ ಗಾಡಿ ಇಟ್ಟುಕೊಂಡು ಸಾಲದ ಕಂತು ಕಟ್ಟುವವರು ಹೇಗೆ ಧೈರ್ಯ ಮಾಡುತ್ತಾರೆ?

ಅದಕ್ಕೇ ಕೇಳುವ ಮೊದಲೇ ತಾವೇ ಹೇಳಬೇಕು ಅಂತ ತೀರ್ಮಾನ ಆಯಿತು. ನಾನು ಮಾಲಕನ ಹಾಗೆ ಕೂತು ಬೈದೆ, ಅವರು ಉತ್ತರ ಹೇಳಿ ಹೇಳಿ ರೂಢಿ ಮಾಡಿಕೊಂಡರು. ಮೊದಲ ಸಲ ಪೊಲೀಸರನ್ನೇ ಬೈದರು. ನಾಲ್ಕನೇ ಸಲಕ್ಕೆ ಇಷ್ಟು ಬಂತು: "ಕೇಸ್ ಆಗಿತ್ರೀ ಕಾಕಾ, ತಪ್ಪು ನಂದs. ದಂಡ ಕಟ್ಟೇನಿ. ಮೂರು ತಿಂಗಳಾತು ಮುಟ್ಟಿಲ್ಲ, ಡಾಕ್ಟರ್ ಚೀಟಿ ಐತಿ. ಟ್ರಿಪ್ಪಿಗೆ ಮೊದಲ ನೀವs ಊದಿಸಿ ನೋಡ್ರಿ." ಲೈಸನ್ಸ್, ದಂಡದ ರಸೀದಿ, ಚೀಟಿ ಎಲ್ಲ ಒಂದೇ ಫೈಲಿನಲ್ಲಿ. ದೂರದ ಲೈನು ಕೇಳಬೇಡಿ, ಹಗಲು ಓಡುವ ಕಬ್ಬಿನ ಗಾಡಿ ಕೇಳಿ ಅಂದೆ.

ಮೂರು ಕಡೆ ಇಲ್ಲ ಅಂದರು. ನಾಲ್ಕನೆಯವರು ಸೀಸನ್ ಮುಗಿಯುವ ತನಕ ನೋಡೋಣ ಅಂದರಂತೆ. ಮೊನ್ನೆ ಫೋನ್ ಮಾಡಿದ್ದರು, ಅದೇ ಮಾಲಕರು ಸೊಲ್ಲಾಪುರಕ್ಕೆ ರಾತ್ರಿ ಟ್ರಿಪ್ ಕೇಳಿದ್ದಾರೆ, ಹೋಗ್ಲೇನ್ರೀ ಅಂತ. ಆ ಢಾಬಾ ಅದೇ ರಸ್ತೆಯಲ್ಲಿದೆ. ಇನ್ನೂ ಎರಡು ತಿಂಗಳು ಬೇಡ ಅಂದೆ, ಹೂಂ ಅಂದರು.