ಲೈಬ್ರರಿಯಲ್ಲಿ ಎನ್-ಲಿಸ್ಟ್ ಲಾಗಿನ್ ಕೇಳಿ

ಹರಿಹರದಿಂದ ದಿನಾ ದಾವಣಗೆರೆಗೆ ಬಸ್ಸಲ್ಲಿ ಬಂದು ಬಿ.ಕಾಂ. ಓದ್ತಿದ್ದೀನಿ, ರೆಫರೆನ್ಸ್ ಪುಸ್ತಕ ಕೊಳ್ಳೋಕೆ ದುಡ್ಡಿಲ್ಲ, ಕಾಲೇಜಲ್ಲಿ ಏನು ಸಿಗುತ್ತೆ ಅಂತ ಕೇಳಿದ್ದೀರಿ.

ಮೊದಲು ಲೈಬ್ರರಿಯನ್ ಹತ್ತಿರ ಹೋಗಿ, ಎನ್-ಲಿಸ್ಟ್ ಲಾಗಿನ್ ಮಾಡಿಕೊಡಿ ಅಂತ ಕೇಳಿ. ಇದು ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿ ನಡೆಸುವ ಆನ್‌ಲೈನ್ ಲೈಬ್ರರಿ ಸೇವೆ. ಕಾಲೇಜು ಸದಸ್ಯ ಆಗಿದ್ದರೆ ನಿಮ್ಮ ಹೆಸರಿಗೇ ಐಡಿ ಸಿಗುತ್ತದೆ. ಲಕ್ಷಕ್ಕೂ ಜಾಸ್ತಿ ಇ-ಪುಸ್ತಕಗಳಿವೆ, ಬಸ್ಸಲ್ಲಿ ಕೂತು ಮೊಬೈಲ್‌ನಲ್ಲೇ ಓದಬಹುದು. ಕಾಲೇಜು ಚಂದಾ ಕಟ್ಟಿರುತ್ತದೆ, ಎಷ್ಟೋ ಮಕ್ಕಳಿಗೆ ಇದು ಇರುವುದೇ ಗೊತ್ತಿಲ್ಲ. ನನಗೆ ತುಂಬಾ ಬೇಜಾರಾಗುವ ವಿಷಯ ಇದು. ಸದಸ್ಯ ಅಲ್ಲದಿದ್ದರೆ ಐಐಟಿ ಖರಗ್‌ಪುರ ಕಟ್ಟಿದ ನ್ಯಾಷನಲ್ ಡಿಜಿಟಲ್ ಲೈಬ್ರರಿ ಇದೆ. ಅದರ ನೋಂದಣಿ ಉಚಿತ.

ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಬುಕ್ ಬ್ಯಾಂಕ್, ಅಂದರೆ ಪಠ್ಯಪುಸ್ತಕ ಎರವಲು ಕೊಡುವ ವ್ಯವಸ್ಥೆ, ಇದೆಯಾ ಅಂತಲೂ ವಿಚಾರಿಸಿ. ದಾವಣಗೆರೆ ವಿಶ್ವವಿದ್ಯಾಲಯದ ಹಳೆ ಪ್ರಶ್ನೆಪತ್ರಿಕೆಗಳನ್ನೂ ಅಲ್ಲೇ ಕೇಳಿ, ಗೈಡ್‌ಗಿಂತ ಅವೇ ವಾಸಿ.

ಕಾಸ್ಟ್ ಅಕೌಂಟಿಂಗ್ ಕಷ್ಟ ಅಂದಿದ್ದೀರಲ್ವಾ? ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ 'ಸ್ವಯಂ' ಪೋರ್ಟಲ್‌ನಲ್ಲಿ ಪಾಠ ಉಚಿತ, ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆ ಶುಲ್ಕ. ಆದರೂ ಬಿಡುವಿನ ಪೀರಿಯಡ್‌ನಲ್ಲಿ ಸ್ಟಾಫ್ ರೂಮಿಗೆ ಹೋಗಿ, ಅರ್ಧ ಬಿಡಿಸಿದ ಲೆಕ್ಕ ತೋರಿಸಿ ಕೇಳಿ. ಸುಮ್ನೆ 'ಅರ್ಥ ಆಗಲಿಲ್ಲ' ಅನ್ನಬೇಡಿ, ಎಲ್ಲಿ ನಿಂತಿತು ಅಂತ ತೋರಿಸಿದರೆ ಮೇಷ್ಟ್ರು ಖುಷಿಯಿಂದ ಹೇಳಿಕೊಡುತ್ತಾರೆ.