ಎರಡೇ ಪಂದ್ಯ ಗೆದ್ದು ಕಪ್ ಎತ್ತಿದವರು: ಮೊದಲ ಎಫ್‌ಎ ಕಪ್ ಕುರಿತು ಓದುಗರ ಪ್ರಶ್ನೆಗಳು

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ನಡೆಸಿದ ಮೊದಲ ಎಫ್‌ಎ ಕಪ್ಪನ್ನು, ಅಂದರೆ 1871–72ರ ಫುಟ್‌ಬಾಲ್ ಪಂದ್ಯಾವಳಿಯನ್ನು, ವಾಂಡರರ್ಸ್ ಎಂಬ ತಂಡ ಕೇವಲ ಎರಡು ಪಂದ್ಯ ಗೆದ್ದು ತನ್ನದಾಗಿಸಿಕೊಂಡಿತು ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆವು. ಆ ಒಂದು ಸಾಲಿಗೆ ಬಂದ ಪ್ರಶ್ನೆಗಳೇ ಹಲವು. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾಕೌಟ್ ಎಂದ ಮೇಲೆ ಪ್ರತಿ ಸುತ್ತಿನಲ್ಲೂ ಗೆಲ್ಲಲೇಬೇಕಲ್ಲವೇ? ಐದು ಸುತ್ತುಗಳನ್ನು ಎರಡೇ ಗೆಲುವಿನಲ್ಲಿ ದಾಟುವುದು ಹೇಗೆ ಸಾಧ್ಯ? (ಹಾಸನದ ಓದುಗರೊಬ್ಬರು)

ಇಂದಿನ ಲೆಕ್ಕದಲ್ಲಿ ಸಾಧ್ಯವಿಲ್ಲ. ಆ ವರ್ಷ ಸಾಧ್ಯವಾಯಿತು. ಮೊದಲ ಸುತ್ತಿನಲ್ಲಿ ವಾಂಡರರ್ಸ್‌ಗೆ ಎದುರಾಳಿಯಾಗಿದ್ದ ಹ್ಯಾರೊ ಚೆಕರ್ಸ್ ತಂಡ ಆಡದೆ ಹಿಂದೆ ಸರಿದಿದ್ದರಿಂದ ವಾಕ್‌ಓವರ್ ಸಿಕ್ಕಿತು. ಎರಡನೇ ಸುತ್ತಿನಲ್ಲಿ ಅವರು ಕ್ಲಾಫಮ್ ರೋವರ್ಸ್ ತಂಡವನ್ನು ಸೋಲಿಸಿದರು. ಮೂರನೆಯದರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು ಗೋಲಿಲ್ಲದ ಡ್ರಾ ಆಯಿತು. ಪಂದ್ಯ ಸಮವಾದರೆ ಮರುಪಂದ್ಯ ಆಡಿಸಬಹುದು, ಇಲ್ಲವೇ ಎರಡೂ ತಂಡಗಳನ್ನು ಮುಂದಿನ ಸುತ್ತಿಗೆ ಕಳುಹಿಸಬಹುದು ಎಂದು ಅಂದಿನ ನಿಯಮವು ಪಂದ್ಯಾವಳಿಯ ಸಮಿತಿಗೆ ಅಧಿಕಾರ ಕೊಟ್ಟಿತ್ತು. ಆಗ ಕಣದಲ್ಲಿ ಉಳಿದಿದ್ದದ್ದು ಐದು ತಂಡ. ಎರಡು ಪಂದ್ಯ ಆಡಿಸಿ ಒಂದು ತಂಡಕ್ಕೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಕೊಟ್ಟರೆ ಸೆಮಿಫೈನಲ್‌ಗೆ ಮೂರೇ ತಂಡ ಉಳಿಯುತ್ತಿದ್ದವು. ಡ್ರಾ ಮಾಡಿಕೊಂಡ ಎರಡೂ ತಂಡಗಳು ಮುಂದೆ ಹೋಗಿದ್ದರಿಂದ ನಾಲ್ಕಾಯಿತು. ಸೆಮಿಫೈನಲ್‌ನಲ್ಲಿ ಮತ್ತೆ ಗೋಲಿಲ್ಲದ ಡ್ರಾ, ಅದರ ಮೇಲೆ ಎದುರಾಳಿ ತಂಡದ ನಿರ್ಗಮನ. ಕೊನೆಗೆ ಫೈನಲ್‌ನಲ್ಲಿ 1–0 ಗೆಲುವು. ಸೋತ ತಂಡ ಗಂಟುಮೂಟೆ ಕಟ್ಟಬೇಕು ಎಂಬುದೊಂದೇ ಈ ಸ್ಪರ್ಧೆಯ ಜೀವಾಳ ಎಂದು ನಾವು ತಿಳಿದಿದ್ದೇವೆ. ಆದರೆ ಅದರ ಮೊದಲ ವರ್ಷದಲ್ಲಿ ಹಲವು ತಂಡಗಳು ಸೋಲದೆಯೇ ಹೊರಬಿದ್ದವು.

ಪ್ರಶ್ನೆ: ಇಂಥ ಸ್ಪರ್ಧೆಯ ಕಲ್ಪನೆ ಯಾರದು? ಎಷ್ಟು ತಂಡಗಳು ಆಡಿದವು? (ಧಾರವಾಡದ ಓದುಗರು)

ಫುಟ್‌ಬಾಲ್ ಅಸೋಸಿಯೇಷನ್‌ನ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಆಲ್ಕಾಕ್ ಅವರದು. ಅವರು ಓದಿದ್ದ ಹ್ಯಾರೊ ಶಾಲೆಯಲ್ಲಿ ವಿದ್ಯಾರ್ಥಿನಿಲಯಗಳ ನಡುವೆ ಸೋತವರು ಹೊರಗೆ ಎಂಬ ರೀತಿಯ ಪಂದ್ಯಗಳು ನಡೆಯುತ್ತಿದ್ದವು. ಅದನ್ನೇ ಇಡೀ ಸಂಸ್ಥೆಗೆ ಅನ್ವಯಿಸಬಾರದೇಕೆ ಎಂದು 1871ರ ಜುಲೈ 20ರಂದು, 28ರ ಹರೆಯದ ಆಲ್ಕಾಕ್ ಲಂಡನ್ನಿನ ಪತ್ರಿಕಾ ಕಚೇರಿಯೊಂದರಲ್ಲಿ ನಡೆದ ಸಭೆಯ ಮುಂದೆ ಪ್ರಸ್ತಾವವಿಟ್ಟರು. ಅಸೋಸಿಯೇಷನ್‌ನ ಸದಸ್ಯ ಕ್ಲಬ್‌ಗಳು ಆಗ ಸುಮಾರು ಐವತ್ತು. ಹೆಸರು ಕೊಟ್ಟವು ಹದಿನೈದು, ನಿಜವಾಗಿ ಮೈದಾನಕ್ಕಿಳಿದವು ಹನ್ನೆರಡು. ಲಂಡನ್ ಮತ್ತು ಅದರ ಆಸುಪಾಸನ್ನು ಬಿಟ್ಟು ದೂರದಿಂದ ಹೆಸರು ಕೊಟ್ಟವು ಎರಡೇ: ಲಿಂಕನ್‌ಶೈರಿನ ಡಾನಿಂಗ್ಟನ್ ಶಾಲೆ ಮತ್ತು ಸ್ಕಾಟ್ಲೆಂಡಿನ ಗ್ಲಾಸ್ಗೊದ ಕ್ವೀನ್ಸ್ ಪಾರ್ಕ್. 1871ರ ನವೆಂಬರ್ 11ರಂದು ಮೊದಲ ಪಂದ್ಯಗಳು ನಡೆದವು. ಈ ಕಪ್ಪಿನ ಇತಿಹಾಸದ ಮೊದಲ ಗೋಲು ಕ್ಲಾಫಮ್ ರೋವರ್ಸ್‌ನ ಜಾರ್ವಿಸ್ ಕೆನ್ರಿಕ್ ಅವರ ಹೆಸರಿನಲ್ಲಿದೆ.

ಪ್ರಶ್ನೆ: ಸೆಮಿಫೈನಲ್‌ನಲ್ಲಿ ಡ್ರಾ ಮಾಡಿಕೊಂಡ ತಂಡ ಮರುಪಂದ್ಯ ಆಡದೆ ಏಕೆ ಹೋಯಿತು? ಭಯವೇ? (ಉಡುಪಿಯ ಓದುಗರು)

ಖಂಡಿತ ಭಯವಲ್ಲ. ಆ ತಂಡವೇ ಕ್ವೀನ್ಸ್ ಪಾರ್ಕ್, ಮತ್ತು ಅದನ್ನು ತಡೆದದ್ದು ಹಣದ ಕೊರತೆ. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ಆ ವರ್ಷದ ಕಥೆಯಲ್ಲಿ ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದ ಭಾಗ ಇದು.

1867ರಲ್ಲಿ ಹುಟ್ಟಿದ ಕ್ವೀನ್ಸ್ ಪಾರ್ಕ್ ಸ್ಕಾಟ್ಲೆಂಡಿನ ಅತ್ಯಂತ ಹಳೆಯ ಕ್ಲಬ್. ಅದರ ವಾರ್ಷಿಕ ಆದಾಯ ಕೆಲವೇ ಪೌಂಡುಗಳಷ್ಟಿತ್ತು. ಸುಮಾರು 20 ಪೌಂಡ್ ಬೆಲೆಯ ಬೆಳ್ಳಿಯ ಕಪ್ಪಿಗೆ ಕ್ಲಬ್‌ಗಳೆಲ್ಲ ಕೈಲಾದಷ್ಟು ವಂತಿಗೆ ಕೊಡಬೇಕೆಂದಾಗ, ಅಂಥ ಬಡ ಖಜಾನೆಯಿಂದಲೇ ಒಂದು ಗಿನಿ, ಅಂದರೆ 21 ಶಿಲಿಂಗ್, ತೆಗೆದು ಕಳುಹಿಸಿಕೊಟ್ಟವರು ಅವರು. ಮೊದಲ ಸುತ್ತಿನಲ್ಲಿ ಅವರ ಎದುರಾಳಿ ಡಾನಿಂಗ್ಟನ್ ಶಾಲೆ. ಎಲ್ಲಿ ಆಡಬೇಕೆಂಬುದೇ ಇತ್ಯರ್ಥವಾಗದೆ ಎರಡೂ ತಂಡಗಳನ್ನು ಮುಂದಕ್ಕೆ ಕಳುಹಿಸಲಾಯಿತು. ಎರಡನೇ ಸುತ್ತಿನಲ್ಲಿ ಮತ್ತೆ ಅದೇ ಜೋಡಿ ಬಿದ್ದಾಗ ಶಾಲೆಯೇ ಹಿಂದೆ ಸರಿಯಿತು. ಮೂರನೇ ಸುತ್ತಿನಲ್ಲಿ ಬೈ. ಹೀಗೆ ಕ್ವೀನ್ಸ್ ಪಾರ್ಕ್ ಆ ಕಪ್ಪಿನಲ್ಲಿ ಆಡಿದ ಮೊದಲ ಪಂದ್ಯವೇ ಸೆಮಿಫೈನಲ್ ಆಯಿತು.

ಆದರೆ ಸೆಮಿಫೈನಲ್ ಲಂಡನ್ನಿನ ಕೆನ್ನಿಂಗ್ಟನ್ ಓವಲ್‌ನಲ್ಲಿತ್ತು, ಗ್ಲಾಸ್ಗೊದಿಂದ ಸುಮಾರು 640 ಕಿಲೋಮೀಟರ್ ದೂರದಲ್ಲಿ. ಆಟಗಾರರ ಪ್ರಯಾಣಕ್ಕೆ ಊರಿನವರು ಚಂದಾ ಎತ್ತಿದರು. 1872ರ ಮಾರ್ಚ್ ಮೊದಲ ವಾರದಲ್ಲಿ ಹನ್ನೊಂದು ಮಂದಿ ಬಂದು, ದೇಶದ ಅತಿ ಪ್ರಬಲ ತಂಡಗಳಲ್ಲೊಂದಾದ ವಾಂಡರರ್ಸ್‌ಗೆ ಒಂದು ಗೋಲನ್ನೂ ಬಿಟ್ಟುಕೊಡದೆ ಆಡಿದರು. ಮರುಪಂದ್ಯಕ್ಕೆ ಲಂಡನ್ನಿನಲ್ಲಿ ಉಳಿಯಲು ಅವರಲ್ಲಿ ಹಣವಿರಲಿಲ್ಲ. ಊರಿಗೆ ಹೋಗಿ ಮತ್ತೊಮ್ಮೆ ಬರಲೂ ಆಗುತ್ತಿರಲಿಲ್ಲ. ಪಂದ್ಯವನ್ನು ಬಿಟ್ಟುಕೊಟ್ಟು ಹಿಂದಿರುಗಿದರು. ಒಂದು ಗೋಲೂ ತಿನ್ನದೆ, ಒಮ್ಮೆಯೂ ಸೋಲದೆ, ರೈಲಿನ ಟಿಕೆಟ್‌ಗೆ ಕಾಸಿಲ್ಲದೆ ಹೊರಬಿದ್ದ ಆ ತಂಡವನ್ನು ನೆನೆದಾಗ ನಮಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೈದಾನ ಎಲ್ಲಿದೆ ಎಂಬುದೇ ಆ ವರ್ಷದ ಅರ್ಧ ಫಲಿತಾಂಶವನ್ನು ತೀರ್ಮಾನಿಸಿತು ಎಂಬುದು ನಮ್ಮ ದೃಢ ಅಭಿಪ್ರಾಯ.

ಅವರ ಸಾಮರ್ಥ್ಯದ ಬಗ್ಗೆ ಸಂಶಯವಿದ್ದರೆ ಇದನ್ನು ಗಮನಿಸಿ. ಅದೇ ವರ್ಷದ ನವೆಂಬರ್ 30ರಂದು ಗ್ಲಾಸ್ಗೊದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ನಡೆದ ಜಗತ್ತಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಹನ್ನೊಂದು ಆಟಗಾರರೂ ಕ್ವೀನ್ಸ್ ಪಾರ್ಕ್‌ನವರೇ ಆಗಿದ್ದರು. ಆ ಪಂದ್ಯವೂ 0–0.

ಪ್ರಶ್ನೆ: ಫೈನಲ್ ಹೇಗಿತ್ತು? ಯಾವ ಮೈದಾನ, ಎಷ್ಟು ಜನ? (ಮೈಸೂರಿನ ಓದುಗರು)

ಮೈದಾನ ಮತ್ತೆ ಓವಲ್. ನಮಗೆಲ್ಲ ಓವಲ್ ಎಂದರೆ 1971ರ ಆಗಸ್ಟ್‌ನಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರ್ 38 ರನ್ ಕೊಟ್ಟು 6 ವಿಕೆಟ್ ಕಿತ್ತು ಭಾರತಕ್ಕೆ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಗೆಲುವು ತಂದ ಕ್ರಿಕೆಟ್ ಮೈದಾನ. ಅದಕ್ಕೆ ತೊಂಬತ್ತೊಂಬತ್ತು ವರ್ಷ ಮೊದಲು, 1872ರ ಮಾರ್ಚ್ 16ರಂದು, ಒಂದು ಶಿಲಿಂಗ್ ತೆತ್ತು ಒಳಬಂದ ಸುಮಾರು ಎರಡು ಸಾವಿರ ಜನರ ಎದುರು ವಾಂಡರರ್ಸ್ ಮತ್ತು ಸೇನೆಯ ರಾಯಲ್ ಎಂಜಿನಿಯರ್ಸ್ ಅಲ್ಲಿ ಫುಟ್‌ಬಾಲ್ ಆಡಿದರು. ಗೋಲಿನ ಮೇಲೆ ಅಡ್ಡಪಟ್ಟಿಯ ಬದಲು ಒಂದು ಪಟ್ಟಿದಾರ ಕಟ್ಟಿರುತ್ತಿತ್ತು, ಬಲೆ ಇರಲಿಲ್ಲ, ಗೋಲಾದ ಕೂಡಲೇ ತಂಡಗಳು ತುದಿ ಬದಲಿಸುತ್ತಿದ್ದವು. ಗೆಲ್ಲುವವರು ಎಂಜಿನಿಯರ್‌ಗಳೇ ಎಂದು ಬಹುಮಂದಿ ನಂಬಿದ್ದರು, ಏಕೆಂದರೆ ಚೆಂಡನ್ನು ಒಬ್ಬನೇ ಹಿಡಿದುಕೊಂಡು ಓಡುವ ಅಂದಿನ ವಾಡಿಕೆಯನ್ನು ಬಿಟ್ಟು ಅವರು ಜೊತೆಗೂಡಿ ಆಡುವುದನ್ನು ರೂಢಿಸಿಕೊಂಡಿದ್ದರು.

ಆಟ ಶುರುವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಅವರ ಎಡ್ಮಂಡ್ ಕ್ರೆಸ್ವೆಲ್ ಎಂಬ ಅಧಿಕಾರಿಯ ಕೊರಳೆಲುಬು ಮುರಿಯಿತು. ಬದಲಿ ಆಟಗಾರನನ್ನು ಇಳಿಸುವ ಪದ್ಧತಿಯೇ ಇರಲಿಲ್ಲ. ಹೊರಗೆ ಹೋದರೆ ತಂಡ ಹತ್ತು ಮಂದಿಯದಾಗುತ್ತದೆಂದು ಕ್ರೆಸ್ವೆಲ್ ಮುರಿದ ಮೂಳೆಯಲ್ಲೇ ಕೊನೆಯವರೆಗೂ ಮೈದಾನದಲ್ಲಿ ನಿಂತರು. ಹದಿನೈದನೇ ನಿಮಿಷದ ಸುಮಾರಿಗೆ ರಾಬರ್ಟ್ ವಿಡಾಲ್ ಚೆಂಡನ್ನು ಡ್ರಿಬಲ್ ಮಾಡಿಕೊಂಡು ಬಂದು ಮಾರ್ಟನ್ ಬೆಟ್ಸ್‌ಗೆ ಒದಗಿಸಿದರು. ಬೆಟ್ಸ್ ಇಕ್ಕಟ್ಟಾದ ಕೋನದಿಂದ ಗೋಲು ಹೊಡೆದರು. ಅಂದು ಬೆಟ್ಸ್ ಆಡಿದ್ದು ‘ಎ. ಎಚ್. ಚೆಕರ್’ ಎಂಬ ಹೆಸರಿನಲ್ಲಿ, ಅಂದರೆ ‘ಹ್ಯಾರೊ ಚೆಕರ್ಸ್‌ನ ಒಬ್ಬ’. ಮೊದಲ ಸುತ್ತಿನಲ್ಲಿ ವಾಂಡರರ್ಸ್‌ಗೆ ವಾಕ್‌ಓವರ್ ಕೊಟ್ಟ ತಂಡ ಅದೇ! ವಾಂಡರರ್ಸ್‌ನ ನಾಯಕರಾಗಿ ಕಪ್ ಗೆದ್ದವರು, ಅದನ್ನು ಆರಂಭಿಸಿದ ಆಲ್ಕಾಕ್ ಅವರೇ.

ಪ್ರಶ್ನೆ: ಆ ಫೈನಲ್‌ಗೂ ಭಾರತಕ್ಕೂ ನಂಟಿತ್ತೇ? (ಬೆಂಗಳೂರಿನ ಓದುಗರು)

ಇತ್ತು. ಎಂಜಿನಿಯರ್ಸ್ ತಂಡದ ಹೆನ್ರಿ ರೆನ್ನಿ-ಟೇಲ್ಯರ್ ಹುಟ್ಟಿದ್ದು ಮಸ್ಸೂರಿಯಲ್ಲಿ. ಅದೇ ತಂಡದ ಆಲ್ಫ್ರೆಡ್ ಗುಡ್ವಿನ್ ಎರಡೇ ವರ್ಷಗಳ ನಂತರ, 1874ರಲ್ಲಿ, ರೂರ್ಕಿಯಲ್ಲಿ ತೀರಿಕೊಂಡರು. ಹಲಸೂರು ಕೆರೆಯ ಪಕ್ಕದಲ್ಲಿ ನೆಲೆಯಿರುವ ನಿಮ್ಮೂರಿನ ಮದ್ರಾಸ್ ಸ್ಯಾಪರ್ಸ್ ಪಡೆಗೆ ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳಾಗಿ ಬರುತ್ತಿದ್ದವರೂ ಇದೇ ರಾಯಲ್ ಎಂಜಿನಿಯರ್ಸ್‌ನವರು.

ಪ್ರಶ್ನೆ: ಆ ಮೊದಲ ಕಪ್ ಈಗ ಎಲ್ಲಿದೆ? (ಕಲಬುರಗಿಯ ಓದುಗರು)

ಎಲ್ಲಿಯೂ ಇಲ್ಲ. 1895ರ ಸೆಪ್ಟೆಂಬರ್‌ನಲ್ಲಿ, ಗೆದ್ದಿದ್ದ ಆಸ್ಟನ್ ವಿಲಾ ತಂಡ ಅದನ್ನು ಬರ್ಮಿಂಗ್‌ಹ್ಯಾಮ್‌ನ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದಾಗ ಕಳುವಾಯಿತು. ಕ್ಲಬ್‌ಗೆ 25 ಪೌಂಡ್ ದಂಡ ಬಿತ್ತು. ಕಪ್ ಮರಳಿ ಸಿಗಲಿಲ್ಲ.

ಪ್ರಶ್ನೆ: ಗ್ಲಾಸ್ಗೊದ ತಂಡಕ್ಕೆ ಮತ್ತೆ ಅವಕಾಶ ಸಿಕ್ಕಿತೇ? (ಸಾಗರದ ಓದುಗರು)

ಮರುವರ್ಷವೇ ಅವರನ್ನು ನೇರವಾಗಿ ಸೆಮಿಫೈನಲ್‌ಗೆ ಸೇರಿಸಲಾಯಿತು, ಆದರೆ ಮತ್ತೆ ಪ್ರಯಾಣದ ಖರ್ಚು ಭರಿಸಲಾಗದೆ ಅವರು ಹಿಂದೆ ಸರಿದರು. ಕಡೆಗೆ 1884 ಮತ್ತು 1885ರಲ್ಲಿ, ಸತತ ಎರಡು ವರ್ಷ, ಅದೇ ಓವಲ್‌ನಲ್ಲಿ ಫೈನಲ್ ಆಡಿದರು. ಎರಡು ಬಾರಿಯೂ ರೆಫರಿಯಾಗಿದ್ದವರು 1872ರ ಫೈನಲ್‌ನಲ್ಲಿ ಎಂಜಿನಿಯರ್ಸ್ ತಂಡದ ನಾಯಕರಾಗಿದ್ದ ಫ್ರಾನ್ಸಿಸ್ ಮಾರಿಂಡಿನ್. ಎರಡು ಬಾರಿಯೂ ಎದುರಾಳಿ ಬ್ಲ್ಯಾಕ್‌ಬರ್ನ್ ರೋವರ್ಸ್. ಮೊದಲ ಸಲ 2–1ರಿಂದ, ಎರಡನೇ ಸಲ 2–0ಯಿಂದ ಕ್ವೀನ್ಸ್ ಪಾರ್ಕ್ ಸೋತಿತು. 1887ರಲ್ಲಿ ಸ್ಕಾಟ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳು ಇಂಗ್ಲೆಂಡಿನ ಕಪ್ಪಿನಲ್ಲಿ ಆಡುವುದನ್ನೇ ನಿಷೇಧಿಸಿತು. ಅಲ್ಲಿಗೆ, ಒಂದು ಗಿನಿ ಕೊಟ್ಟು ಮಾಡಿಸಿದ ಆ ಕಪ್ಪನ್ನು ಎತ್ತುವ ದಾರಿ ಅವರಿಗೆ ಮುಚ್ಚಿಹೋಯಿತು.